ಬರಮಪ್ಪ ಕೇಳಿದ ಓಲೆ

"ಕೇಳ್ರಪ್ಪೋ ಕೇಳಿ! ಧರಣಿಪಾಲ ಮಹಾರಾಜರು ಮೂರು ಒಗಟು ಒಡ್ಡುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಕೇಳಿದ್ದು ಕೊಡುತ್ತಾರೆ. ಒಂದು ತಪ್ಪಿದರೂ ತಲೆದಂಡ!" ಅಂತ ಕೆಂಗೋಟೆಯ ಬೀದಿಬೀದಿಯಲ್ಲಿ ಡಂಗುರ ಸಾರಿದರು. ಅದು ಮುಗಿಯುವವರೆಗೂ ಕಂಬಳಿ ನೇಯುವ ಬರಮಪ್ಪ ಕಿವಿ ಮುಚ್ಚಿಕೊಂಡು ಮಗ್ಗದ ಗುಂಡಿಯಲ್ಲಿ ಮುದುಡಿ ಕೂತಿದ್ದ. ಆಮೇಲೆ ಅವನವ್ವ ದುರುಗವ್ವ ಮೆಲ್ಲಗೆ ವಿಷಯ ಹೇಳಿದಳು.

ಆ ಊರಲ್ಲೊಂದು ಕಟ್ಟಳೆ ಇತ್ತು ನೋಡಿ. ಪ್ರಾಯಕ್ಕೆ ಬಂದ ಗಂಡಸರೆಲ್ಲ ವರ್ಷಕ್ಕೊಂದು ತಿಂಗಳು ಕೋಟೆ ಬಾಗಿಲ ನಗಾರಿ ಬಾರಿಸಬೇಕು. ತಪ್ಪಿಸಿಕೊಂಡವನಿಗೆ ಗಡೀಪಾರು. ರಾಜವೈದ್ಯರು ಓಲೆ ಬರೆದುಕೊಟ್ಟರೆ ಮಾತ್ರ ಮಾಫಿ. ಹೋದ ವರ್ಷ ಎರಡನೇ ಪೆಟ್ಟಿಗೇ ಬರಮಪ್ಪ ನೆಲಕ್ಕೆ ಬಿದ್ದು ಒದ್ದಾಡಿದ್ದ; ನಾಟಕ, ಮೊದಲ ಸಲ ಅಂತ ಬಿಟ್ಟಿದ್ದೇವೆ ಅಂದರು ಕೋಟೆಯವರು. ಹುಟ್ಟಿದಾಗಿನಿಂದಲೂ ಅವನು ಹಾಗೇ: ಗದ್ದಲ ತಡೆಯಲಾರ, ಮುಖ ನೋಡಿ ಮಾತಾಡಲಾರ, ದಿನದ ಕ್ರಮ ಚೂರು ತಪ್ಪಿದರೂ ಊಟ ಇಳಿಯದು. ಇದಕ್ಕೇನಂತಾರೆ ಅಂತ ಕೇಳಿಕೊಂಡು ಅವ್ವ ಮಗ ಕಾಣದ ವೈದ್ಯರಿಲ್ಲ. "ಚೆನ್ನಾಗೇ ಮಾತಾಡ್ತಾನಲ್ಲಮ್ಮ" ಅಂದ ಒಬ್ಬ. "ಒಂದು ಮದುವೆ ಮಾಡು, ಎಲ್ಲ ಸರಿಹೋಗುತ್ತೆ" ಅಂದ ಇನ್ನೊಬ್ಬ. ರಾಜವೈದ್ಯ ತ್ರಿಯಂಬಕ ಪಂಡಿತನಂತೂ ತಲೆ ಕೂಡ ಎತ್ತದೆ, "ನೀನೇ ಮುದ್ದು ಮಾಡಿ ಕೆಡಿಸಿದ್ದೀಯ" ಅಂದುಬಿಟ್ಟ. ಎಂಥ ಪಂಡಿತರೋ ಏನೋ! ಈ ವರ್ಷದ ಸರದಿಗೆ ಇನ್ನು ನಾಲ್ಕೇ ದಿನ ಉಳಿದಿತ್ತು.

"ಬೇಡ ಕಣೋ, ತಲೆ ಹೋಗುತ್ತೆ" ಅಂದಳು ದುರುಗವ್ವ.

"ಗಡೀಪಾರಾದರೆ ನೀನೊಬ್ಬಳೇ ಆಗ್ತೀಯವ್ವ. ನಾನು ಗೆದ್ದು ಓಲೆ ಕೇಳ್ತೀನಿ" ಅಂತ ಅವನು ಹೊರಟೇಬಿಟ್ಟ.

"ಕಾಲಿಲ್ಲದೆ ದಿನವೂ ಈ ಆಸ್ಥಾನ ದಾಟಿ ಹೋಗುವುದು ಯಾವುದು?" ಅಂತ ರಾಜ ಕೇಳಿದ. ವರ್ತಕನ ಮಗ "ಗಾಳಿ" ಅಂದ. ಗಾಳಿ ದಿನವೂ ಬರುತ್ತದೆಯೇ? ಅವನನ್ನು ಎಳೆದೊಯ್ದರು. ದಳಪತಿಯ ಮಗ "ಸುದ್ದಿ" ಅಂದ; ಅವನನ್ನೂ ಎಳೆದೊಯ್ದರು. ಬರಮಪ್ಪ ನೆಲ ನೋಡುತ್ತ, "ಕಿಟಕಿಯ ಬಿಸಿಲು. ನಾನು ಬಂದಾಗ ಮೂರನೇ ಕಂಬದ ಬುಡದಲ್ಲಿತ್ತು, ಈಗ ನಾಲ್ಕನೆಯದಕ್ಕೆ ತಾಗಿದೆ" ಅಂದ.

"ಮೈಯೆಲ್ಲ ತೂತು, ಆದರೂ ಚಳಿಯನ್ನು ಹೊರಗೇ ನಿಲ್ಲಿಸುತ್ತದೆ. ಏನದು?"

"ಕಂಬಳಿ. ಎಳೆಗಳ ನಡುವೆ ಬರೀ ತೂತೇ. ನಾನೇ ನೇಯ್ತೀನಲ್ಲ."

"ಹೊತ್ತವನಿಗೆ ಹೊರಲಾರದಷ್ಟು ಭಾರ, ಎದುರಿಗೆ ನಿಂತವನಿಗೆ ಏನೂ ಕಾಣದು. ತೂಗಲು ತಕ್ಕಡಿಯೂ ಇಲ್ಲ. ಏನದು?"

ಬರಮಪ್ಪ ನೆಲದ ಕಲ್ಲುಗಳನ್ನು ಒಂದೊಂದಾಗಿ ಎಣಿಸತೊಡಗಿದ. ತಲೆ ಕಡಿಯಲು ಕಾದಿದ್ದ ಕಟುಕ ಒಂದು ಹೆಜ್ಜೆ ಮುಂದೆ ಬಂದ.

"ನೋವು. ಬಾಯಿಬಿಟ್ಟು ಹೇಳಿದರೂ ಯಾರೂ ನಂಬಲ್ಲ, ಮಹಾಸ್ವಾಮಿ."

"ಭಲೇ! ಬಿಸಿಲು, ಕಂಬಳಿ, ನೋವು, ಮೂರೂ ಸರಿ! ಏನು ಬೇಕೋ ಕೇಳು!"

ಚಪ್ಪಾಳೆ ನಿಲ್ಲುವವರೆಗೂ ಬರಮಪ್ಪ ಕಿವಿ ಮುಚ್ಚಿ ಕುಕ್ಕರಗಾಲಲ್ಲಿ ಕೂತಿದ್ದ. ಆಮೇಲೆ ಎದ್ದು, "ನಾನು ಹೀಗಿರುವುದಕ್ಕೆ ಏನಂತಾರೋ ಅದನ್ನು ಬರೆದು, ನಗಾರಿ ನನ್ನಿಂದಾಗದು ಅಂತ ರಾಜವೈದ್ಯರು ಓಲೆ ಕೊಡಲಿ" ಅಂದ.

ಪಂಡಿತ ನಕ್ಕ. "ಪ್ರಭು, ಘಟಾನುಘಟಿಗಳು ಸೋತ ಒಗಟು ಬಿಡಿಸಿದವನಿಗೆ ಏನಾಗಿದೆ? ಇಷ್ಟು ಬುದ್ಧಿವಂತನಿಗೆ ಏನೋ ಇದೆ ಅಂತ ಹೇಗೆ ಬರೆಯಲಿ? ಸುಳ್ಳಿಗೆ ನನ್ನ ಮುದ್ರೆ ಬೀಳದು."

ರಾಜ ತಲೆದೂಗಿದ. "ಅದೂ ನಿಜ. ವೈದ್ಯರ ಮಾತಿಗೆ ನಾನು ಅಡ್ಡ ಬರಲಾರೆ. ಬೇರೆ ಏನಾದರೂ ಕೇಳಪ್ಪ."

ಬೇರೆ ಏನು ಕೇಳಿಯಾನು ಪಾಪ? ಜರಿ ಶಾಲು ಹೊದಿಸಿ ಕಳಿಸಿದರು. ಜರಿ ಕುತ್ತಿಗೆಗೆ ಚುಚ್ಚುತ್ತಿತ್ತು.

ಬಾಗಿಲಲ್ಲಿ ಕಾದಿದ್ದ ದುರುಗವ್ವ ಓಡಿಬಂದಳು. "ಬರೆದುಕೊಟ್ಟರೇನೋ?"

"ಇಲ್ಲವ್ವ. ಜಾಣ ಅಂದರು."

ಅವಳು ಅವನ ಕುತ್ತಿಗೆಯಿಂದ ಶಾಲು ತೆಗೆದು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಬರಮಪ್ಪ ಪಕ್ಕದಲ್ಲಿ ಕೂತು, ನೆಲ ನೋಡುತ್ತಲೇ ಕೇಳಿದ: "ಒಂದನ್ನ ತಪ್ಪು ಹೇಳಿದ್ದರೆ ನಂಬ್ತಿದ್ದರೇನವ್ವ?"