ನೊಗ ಇಳಿಸುವಾಗಿನ ಮಾತು

"ಗುರುಗಳೇ, ಇಷ್ಟು ಇಂಗ್ಲಿಷ್ ಕಲಿತರೂ ನನ್ನ ಮಾತು ಆ ತಾಯಿಯ ಮನಸ್ಸಿಗೆ ಯಾಕೆ ಮುಟ್ಟುತ್ತಿಲ್ಲ?" ಎಂದು ಶಿಷ್ಯ ನಿಜಗುಣ ಕೇಳಿದ.

ಮಠಕ್ಕೆ ಪರದೇಶದಿಂದ ಒಬ್ಬ ವಯಸ್ಸಾದ ಹೆಂಗಸು ಬಂದಿದ್ದರು. ಶ್ರಾವಣ ಮುಗಿಯುವವರೆಗೆ ಇರಬೇಕೆಂದು ಬಂದವರು, ವಾರ ತುಂಬುವ ಮೊದಲೇ ನಾಳೆ ಹೊರಡುತ್ತೇನೆ ಎಂದಿದ್ದರು. ಮಠದಲ್ಲಿ ಇಂಗ್ಲಿಷ್ ಬಲ್ಲವನು ನಿಜಗುಣನೊಬ್ಬನೇ. ಅವರ ಯೋಗಕ್ಷೇಮದ ಹೊಣೆಯೂ ಅವನದೇ. ಅವರು ಬೇಸತ್ತು ಹೋದರೆ ತನ್ನಿಂದಲೇ ಹೋದಂತಾಯಿತು ಎಂಬ ಸಂಕಟ ಅವನಿಗೆ.

"ತಪ್ಪಿಲ್ಲದೆ ಮಾತಾಡುತ್ತೇನೆ. ಏಳುವ ಹೊತ್ತು, ಚಪ್ಪಲಿ ಬಿಡುವ ಜಾಗ, ಎಲ್ಲಿ ಕೂರಬೇಕು, ಎಲ್ಲಿಗೆ ಹೋಗಬಾರದು, ಎಲ್ಲ ಹೇಳಿದ್ದೇನೆ. ಅವರ ನುಡಿಗಟ್ಟುಗಳೂ ನನಗೆ ಬಾಯಿಪಾಠ. ಜೋರು ಮಳೆ ಬಂದರೆ ನಾಯಿ ಬೆಕ್ಕು ಸುರಿಯುತ್ತಿವೆ ಅನ್ನಬೇಕು. ನಿನ್ನೆ ಅದನ್ನೂ ಅಂದೆ. ಅವರು ಸುಮ್ಮನೆ ತಲೆಯಾಡಿಸಿ ಕೋಣೆಗೆ ಹೋದರು."

ಗುರುಗಳು ನಕ್ಕರು. "ನಮ್ಮಲ್ಲಿ ಆನೆಕಲ್ಲು ಬೀಳುತ್ತದೆ, ಅವರಲ್ಲಿ ನಾಯಿ ಬೆಕ್ಕು. ಬೀಳಲಿ ಬಿಡಪ್ಪ. ಕೂತುಕೋ, ಒಂದು ಕತೆ ಹೇಳುತ್ತೇನೆ."

ಒಬ್ಬ ರೈತನಿದ್ದ. ಒಳ್ಳೆಯ ಮನುಷ್ಯ, ಆದರೆ ಅವಸರದ ಬುದ್ಧಿ. ಬೇಯುವವರೆಗೆ ಕಾದವನು ಆರುವವರೆಗೆ ಕಾಯಲಾರ ಎನ್ನುತ್ತಾರಲ್ಲ, ಆ ಪೈಕಿ. ಒಂದು ವರ್ಷ ಅವನು ಮೆಣಸಿನ ಸಸಿ ಹಾಕಿದ. ಬಾವಿ ತುಂಬ ನೀರಿತ್ತು. ಕಪಿಲೆ ಹೊಡೆದು ಎತ್ತಬೇಕು, ಅಷ್ಟೇ. ಕಪಿಲೆ ಗೊತ್ತಲ್ಲ? ಜೋಡೆತ್ತು ಹಗ್ಗ ಎಳೆಯುತ್ತ ಇಳಿಜಾರಿನಲ್ಲಿ ಮುಂದೆ ಹೋದರೆ ತೊಗಲಿನ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತದೆ. ಅವು ಹಿಂದಕ್ಕೆ ಹೆಜ್ಜೆಯಿಟ್ಟರೆ ಚೀಲ ಮತ್ತೆ ಬಾವಿಗೆ ಇಳಿಯುತ್ತದೆ. ಹೋಗು, ನಿಲ್ಲು, ಹಿಂದೆ ಬಾ ಎಂದು ಮಾತಿನ ಮೇಲೆಯೇ ನಡೆಯುವ ಕೆಲಸ ಅದು.

ರೈತ ಹೊಳೆಯಾಚೆಯ ಸೀಮೆಯಿಂದ ಎತ್ತುಗಳನ್ನು ತಂದ. ಕಂಡವರ ಕಣ್ಣು ತಾಗುವಂಥ ಜೋಡಿ. ಹೂಡಿ "ನಡೀ" ಎಂದ. ನಿಂತೇ ಇದ್ದವು. ಬೈದ. ಕಿವಿ ಅಲುಗಿಸಿದವು. ಆ ಸೀಮೆಯ ಭಾಷೆಯೇ ಬೇರೆ, ಅವು ಕಲಿತ ಮಾತೇ ಬೇರೆ. ಇತ್ತ ಸಸಿಗಳು ಬಾಡತೊಡಗಿದವು. ಅವನ ಆ ವರ್ಷದ ಬದುಕೆಲ್ಲ ಆ ಪಾತಿಗಳಲ್ಲೇ ಇತ್ತು.

ರೈತ ಹೊಳೆ ದಾಟಿ ಓಡಿದ. ಎತ್ತು ಮಾರಿದ ಮುದುಕನಿಗೆ ಸಂತೆ ತಿರುಗಿ ತಿರುಗಿ ಎರಡೂ ಭಾಷೆ ಬರುತ್ತಿತ್ತು.

"ಯಜಮಾನರೇ, ನಿಮ್ಮ ಎತ್ತುಗಳ ಮಾತು ಕಲಿಸಿಕೊಡಿ."

"ಸಂಜೆಯವರೆಗೆ ಇರಪ್ಪ. ನಾನು ಕಪಿಲೆ ಹೊಡೆಯುವುದನ್ನು ನೋಡು, ತಾನಾಗಿ ಬರುತ್ತದೆ."

"ಅಷ್ಟು ಹೊತ್ತೆಲ್ಲಿದೆ? ಬೇಕಾದ ಮಾತಷ್ಟು ಹೇಳಿಬಿಡಿ, ಸಾಕು."

ಮುದುಕ ಹೇಳಿಕೊಟ್ಟ. ಹೋಗು ಎನ್ನುವುದು, ನಿಲ್ಲು ಎನ್ನುವುದು, ಹಿಂದೆ ಬಾ ಎನ್ನುವುದು. ಎತ್ತು ಮೈಗಳ್ಳತನ ಮಾಡಿದರೆ ಬೈಯುವ ಬೈಗುಳ. ಕಪಿಲೆಯ ಹಾಡಿನ ಎರಡು ಸಾಲೂ ಸಿಕ್ಕಿತು. ರೈತ ದಾರಿಯುದ್ದಕ್ಕೂ ಗಿಣಿಪಾಠ ಒಪ್ಪಿಸುತ್ತ ಮನೆಗೆ ಬಂದ.

ಮರುದಿನ ಎತ್ತುಗಳು ನಡೆದವು! ಅಬ್ಬಾ, ಅವನ ಹಿಗ್ಗೇನು ಕೇಳುತ್ತೀ! ಕಾಲುವೆಯ ತುಂಬ ನೀರು ಹರಿಯಿತು. ಸಂಜೆ ನೊಗ ಇಳಿಸಿ, ಬಾನಿಯಲ್ಲಿ ನೀರಿಟ್ಟು, ಹುಲ್ಲು ಹಾಕಿ ಅವನು ಊಟಕ್ಕೆ ಹೋದ. ಬೆಳಿಗ್ಗೆ ನೋಡಿದರೆ ಎತ್ತುಗಳು ಒಂದೆರಡು ಗುಟುಕು ಕುಡಿದು ಬಿಟ್ಟಿದ್ದವು. ಹುಲ್ಲು ಹಾಕಿದ ಹಾಗೇ ಬಿದ್ದಿತ್ತು. ಮಲಗಿಯೇ ಇರಲಿಲ್ಲ, ಕತ್ತು ಬಗ್ಗಿಸಿಕೊಂಡು ನಿಂತಿದ್ದವು. ಮಾರನೆಯ ದಿನವೂ ಅದೇ ಕತೆ. ಕೊನೆಗೊಂದು ಬೆಳಿಗ್ಗೆ ಇಳಿಜಾರಿನ ನಡುವೆಯೇ ಕುಸಿದು ಕೂತವು. ಕಲಿತ ಬೈಗುಳವನ್ನೆಲ್ಲ ಬೈದರೂ ಏಳಲಿಲ್ಲ.

ಮುದುಕ ತನಗೆ ರೋಗದ ಎತ್ತು ಕಟ್ಟಿದ ಎಂದುಕೊಂಡ ರೈತ. ಸಿಟ್ಟು ನೆತ್ತಿಗೇರಿತು. ಮತ್ತೆ ಹೊಳೆ ದಾಟಿ ಹೋಗಿ ಜಗಳಕ್ಕೆ ನಿಂತ. ಮುದುಕ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದ.

"ಸಂಜೆ ನೊಗ ಇಳಿಸುವಾಗ ಅವಕ್ಕೆ ಏನನ್ನುತ್ತೀ?"

"ಏನೂ ಇಲ್ಲ. ಕೆಲಸ ಮುಗಿದ ಮೇಲೆ ಎಂಥಾ ಮಾತು?"

ಮುದುಕ ತಲೆಯ ಮೇಲೆ ಕೈಹೊತ್ತು ಕೂತ. "ಅಯ್ಯೋ ಪಾಪವೇ! ನಮ್ಮ ಕಡೆ ನೊಗ ಇಳಿಸಿ, ಕತ್ತಿನಡಿ ಜೋಲುವ ಗಂಗೆದೊಗಲು ಸವರಿ, 'ಸಾಕಾಯಿತಪ್ಪ, ನೀರು ಕುಡಿ ಬಾ' ಅನ್ನುವುದು ವಾಡಿಕೆ. ಕರುವಾಗಿದ್ದಾಗಿನಿಂದ ಅದನ್ನು ಕೇಳಿಯೇ ಅವು ಬೆಳೆದಿವೆ. ಆ ಮಾತು ಕಿವಿಗೆ ಬೀಳದೆ ದಿನ ಮುಗಿಯಿತೆಂದು ಅವಕ್ಕೆ ಹೇಗೆ ತಿಳಿಯಬೇಕು? ಇನ್ನೂ ಕೆಲಸವಿದೆ ಎಂದುಕೊಂಡು ರಾತ್ರಿಯೆಲ್ಲ ನಿಂತಿವೆ."

"ಅದನ್ನು ಮೊದಲೇ ಯಾಕೆ ಹೇಳಲಿಲ್ಲ?"

"ನೀನು ಕೇಳಿದ್ದು ನಿನಗೆ ಬೇಕಾದ ಮಾತು. ಇದು ಅವಕ್ಕೆ ಬೇಕಾದದ್ದು. ಸಂಜೆಯವರೆಗೆ ಇರು ಎಂದದ್ದು ಅದಕ್ಕೇ."

ರೈತನ ಸಿಟ್ಟು ಇಳಿದು ನಾಚಿಕೆಯಾಯಿತು. ಊರಿಗೆ ಬಂದವನೇ ಎತ್ತುಗಳ ಗಂಗೆದೊಗಲು ಸವರಿ ಆ ಮಾತು ಹೇಳಿದ. ನಾಲಿಗೆ ತೊಡರಿತು, ಉಚ್ಚಾರ ಸೊಟ್ಟಗಿತ್ತು. ಎತ್ತುಗಳೇನು ಉಚ್ಚಾರ ನೋಡುತ್ತವೆಯೇ? ಬಾನಿಯ ತಳ ಕಾಣುವವರೆಗೆ ಕುಡಿದವು. ಹುಲ್ಲು ತಿಂದು, ಮಲಗಿ, ನೆಮ್ಮದಿಯಾಗಿ ಮೆಲುಕು ಹಾಕಿದವು. ರೈತ ಅವುಗಳ ಪಕ್ಕದಲ್ಲೇ ಕೂತು ಅತ್ತುಬಿಟ್ಟ. ಸುಧಾರಿಸಿಕೊಂಡ ಮೇಲೆ ಅವು ಕಪಿಲೆ ಎಳೆದವು, ಮೆಣಸಿನ ಸಸಿ ಉಳಿಯಿತು.

ಕತೆ ಮುಗಿಸಿ ಗುರುಗಳು ಶಾಲು ಹೊದ್ದುಕೊಂಡು ಮೇಲೆದ್ದರು. ನಿಜಗುಣನಿಗೆ ಇನ್ನೂ ಸಮಾಧಾನವಾಗಿರಲಿಲ್ಲ.

"ಹಾಗಾದರೆ ನಾನು ಇನ್ನೂ ಯಾವ ನುಡಿಗಟ್ಟು ಕಲಿಯಬೇಕು, ಗುರುಗಳೇ?"

"ಬಂದು ಇಷ್ಟು ದಿನವಾಯಿತಲ್ಲ, 'ಊಟ ಆಯಿತೇ ತಾಯಿ' ಎಂದು ಆಕೆಯ ಭಾಷೆಯಲ್ಲಿ ಹೇಗೆ ಕೇಳುತ್ತಾರೆ, ನಿಜಗುಣ?"

ಅದನ್ನು ಅವನು ಮೊದಲ ಪಾಠದಲ್ಲೇ ಕಲಿತಿದ್ದ. ಒಮ್ಮೆಯೂ ಕೇಳಿರಲಿಲ್ಲ ಎಂದು ಹೊಳೆದು, ಎದ್ದು ಆ ತಾಯಿಯ ಕೋಣೆಯತ್ತ ನಡೆದ.