ದಂಡೆಯಲ್ಲಿ ನಿಲ್ಲುವ ಎತ್ತು

“ಅಜ್ಜಯ್ಯಾ, ಮೊದಲಿಗಿಂತ ಹೆಚ್ಚು ದುಡಿಯುತ್ತಿದ್ದೇನೆ. ಆದರೂ ಕೆಲಸ ಕೆಡುತ್ತಿದೆ, ಮನಸ್ಸೂ ಬತ್ತುತ್ತಿದೆ. ಇದಕ್ಕಿಂತ ಹೆಚ್ಚು ದುಡಿಯಲು ನನ್ನ ಮೈಯಲ್ಲಿ ಕಸುವಿಲ್ಲ. ಏನು ಮಾಡಲಿ?”

ಹೀಗೆ ಕೇಳಿದವನು ಮರುಳಯ್ಯ. ಮಠಕ್ಕೆ ಬಂದವರಿಗೆಲ್ಲ ಊಟ ಬಡಿಸುವ ಕೆಲಸ ಅವನದು. ಕೇಳಿದ್ದು ಮಠದ ಅಜ್ಜಯ್ಯನವರನ್ನು. ಕೇಳುವ ಮೊದಲು ಅವನು ಅನ್ನದ ಸೌಟನ್ನು ತೊಳೆದು, ಒರೆಸಿ, ತಂದು ಅವರ ಕಾಲ ಬಳಿ ಇಟ್ಟಿದ್ದ. ಇನ್ನು ಬೇರೆಯವರಿಗೆ ಕೊಡಿ ಎಂಬುದು ಅದರ ಅರ್ಥ.

ಅಜ್ಜಯ್ಯ ಸೌಟನ್ನು ನೋಡಿದರು. ಮುಟ್ಟಲಿಲ್ಲ.

“ಕೆಲಸ ಹೇಗೆ ಕೆಟ್ಟಿತು?” ಎಂದರು.

“ಒಬ್ಬರ ಎಲೆಯಲ್ಲಿ ಅನ್ನ ಮಿಗುತ್ತದೆ. ಇನ್ನೊಬ್ಬರು ಅರೆಹೊಟ್ಟೆಯಲ್ಲೇ ಏಳುತ್ತಾರೆ. ನನ್ನ ಕಡೆಯಿಂದ ಏನೂ ಕಡಿಮೆಯಿಲ್ಲ ಅಜ್ಜಯ್ಯಾ. ಮೊದಲೆಲ್ಲ ಒಬ್ಬೊಬ್ಬರ ಮುಂದೆ ನಿಂತು, ಯಾವ ಊರು, ಮಗುವಿನ ಜ್ವರ ಇಳಿಯಿತೇ, ಎಮ್ಮೆ ಕರು ಹಾಕಿತೇ ಅಂತ ಕೇಳುತ್ತಾ ಬಡಿಸುತ್ತಿದ್ದೆ. ಹೊತ್ತು ದಂಡ ಅಂತ ಆ ಮಾತೆಲ್ಲ ಬಿಟ್ಟೆ. ಈಗ ಎಲ್ಲರ ಎಲೆಗೂ ಒಂದೇ ಅಳತೆ. ಪಂಕ್ತಿಯ ಆ ತುದಿಯಿಂದ ಈ ತುದಿಗೆ ಓಡುತ್ತೇನೆ.”

“ಸರಿ, ಕೂತುಕೋ. ನಿಂತು ಕೇಳಿದರೆ ಕತೆ ಕಾಲಿಗೆ ಇಳಿದುಬಿಡುತ್ತದೆ.”

ಮರುಳಯ್ಯ ಕೂತ. ಅಜ್ಜಯ್ಯ ಹೇಳಿದರು.

ಒಂದೂರಿನಲ್ಲಿ ಒಬ್ಬ ರೈತ. ಅವನಿಗೊಂದು ತೋಟ, ತೋಟಕ್ಕೊಂದು ಬಾವಿ, ಬಾವಿಗೆ ಕಪಿಲೆ. ಕಪಿಲೆಯನ್ನು ನೀನು ಕಂಡಿರಲಿಕ್ಕಿಲ್ಲ. ಬಾವಿಯ ದಂಡೆಯಿಂದ ಎರಡು ಎತ್ತು ಹಗ್ಗ ಎಳೆದುಕೊಂಡು ಇಳಿಜಾರಿನಲ್ಲಿ ಇಳಿದರೆ, ತೊಗಲಿನ ದೊಡ್ಡ ಚೀಲ ನೀರು ಹೊತ್ತು ಮೇಲೆ ಬರುತ್ತದೆ. ತೊಟ್ಟಿಗೆ ಸುರಿಯುತ್ತದೆ. ಎತ್ತುಗಳು ಹಿಂದುಹಿಂದಕ್ಕೆ ಹೆಜ್ಜೆಯಿಟ್ಟು ದಂಡೆಗೆ ಬಂದರೆ ಚೀಲ ಮತ್ತೆ ಬಾವಿಗೆ ಇಳಿಯುತ್ತದೆ. ಕಪಿಲೆ ಹೊಡೆಯುವವನು ಹಗ್ಗದ ಮೇಲೆ ಕೂತು ಎತ್ತಿನ ಹಿಂದೆಯೇ ಇಳಿಯುತ್ತಾನೆ. ಅವನ ಬೆನ್ನು ಬಾವಿಯ ಕಡೆಗೆ. ಚೀಲ ಅವನಿಗೆ ಕಾಣುವುದಿಲ್ಲ.

ರೈತನ ಅಪ್ಪ ಇದ್ದಷ್ಟು ಕಾಲ ದಂಡೆಯಲ್ಲಿ ನಿಂತು ಒಂದು ಹಾಡು ಹೇಳುತ್ತಿದ್ದ. ಗಂಟಲೇನೂ ಚೆನ್ನಾಗಿರಲಿಲ್ಲ. “ಬಾವಿಯೊಳಗಿನ ಕಪ್ಪೆ ಎದ್ದಿತು, ಬೆಳಗಾಯಿತು” ಎಂದು ಪಕ್ಕದ ಹೊಲದವರು ನಗುತ್ತಿದ್ದರು. ಅವನು ಹಾಡು ಮುಗಿಸಿಯೇ ಹಗ್ಗದ ಮೇಲೆ ಕೂರುತ್ತಿದ್ದ.

ಅಪ್ಪ ತೀರಿಕೊಂಡ. ಕಪಿಲೆ ಮಗನ ಕೈಗೆ ಬಂತು. ಮೊದಮೊದಲು ದುಃಖಕ್ಕೆ ಅವನ ಬಾಯಿಂದ ಹಾಡು ಹೊರಡಲಿಲ್ಲ. ಆಮೇಲೆ, ಹಾಡದಿದ್ದರೆ ಕೆಲಸ ಬೇಗ ಸಾಗುತ್ತದೆ ಎಂದು ಕಂಡಿತು. ‘ಅಪ್ಪ ಅರ್ಧ ಹೊತ್ತು ಹಾಡಿನಲ್ಲೇ ಕಳೆದ’ ಎಂದುಕೊಂಡ. ಎತ್ತು ದಂಡೆ ಮುಟ್ಟಿದ ಕೂಡಲೆ ಬಾರುಕೋಲು ಬೀಸತೊಡಗಿದ. ಹಗ್ಗ ಹಗುರವಾಗಿ ಬಂತು. ಎತ್ತಿಗೆ ಚುರುಕು ಬಂದಿದೆ ಎಂದು ಹಿಗ್ಗಿದ.

ಬಾವಿಯಲ್ಲಿ ನೀರಿಗೆ ಕೊರತೆಯಿರಲಿಲ್ಲ. ಆದರೂ ತೋಟದ ಕೊನೆಯ ಮಡಿಗಳಿಗೆ ನೀರು ಮುಟ್ಟಲಿಲ್ಲ. ಬದನೆ ಗಿಡಗಳು ಎಲೆ ಇಳಿಬಿಟ್ಟವು. ಅವನು ಕೋಳಿ ಕೂಗುವ ಮೊದಲೇ ಎದ್ದ. ಕಣ್ಣು ಕಾಣುವಷ್ಟು ಹೊತ್ತೂ ಕಪಿಲೆ ಹೊಡೆದ. ಕಾಲುವೆಯನ್ನು ಕೆರೆದು ನುಣ್ಣಗೆ ಮಾಡಿದ. ನೀರು ಮಾತ್ರ ನಡುದಾರಿಯಲ್ಲೇ ಇಂಗಿತು. ಮನೆಗೆ ಬಂದರೆ ಅವ್ವನ ಜೊತೆ ಮಾತಿಲ್ಲ. ಉಂಡ ಮುದ್ದೆಯ ರುಚಿ ಗೊತ್ತಿಲ್ಲ.

ತಪ್ಪು ಯಾರದು ಎಂದು ಹುಡುಕಿದ. ಎರಡು ಎತ್ತಿನಲ್ಲಿ ಒಂದು ಹರೆಯದ್ದು, ಹೊಸದಾಗಿ ಕೊಂಡದ್ದು. ಕೋಲು ಎತ್ತಿದರೆ ಸಾಕು, ಹೊರಡುತ್ತಿತ್ತು. ಇನ್ನೊಂದು ಅಪ್ಪನ ಕಾಲದ ಮುದಿ ಎತ್ತು. ಹೆಸರು ಬೂದ. ಬೂದ ದಂಡೆಗೆ ಬಂದವನು ನಿಂತುಬಿಡುತ್ತಿದ್ದ. ಕಿವಿ ಹಿಂದಕ್ಕೆ ಮಾಡಿ ಸುಮ್ಮನೆ ನಿಲ್ಲುತ್ತಿದ್ದ. ಏಟು ಬಿದ್ದ ಮೇಲೆಯೇ ಹೆಜ್ಜೆ. ಮರುಸಲವೂ ಅದೇ, ಅದರ ಮರುಸಲವೂ ಅದೇ.

“ಅವ್ವಾ, ನಾಳೆ ಬೂದನ್ನ ಸಂತೆಗೆ ಹೊಡೀತೀನಿ” ಎಂದ ರೈತ. “ಸೋಮಾರಿ ಆಗವ್ನೆ. ನಿಂತ ಕಡೇಲೇ ನಿಲ್ತಾನೆ.”

“ಮುದಿ ಎತ್ತನ್ನ ಸಂತೇಲಿ ಯಾರು ಕೊಳ್ತಾರೆ, ಯಾತಕ್ಕೆ ಕೊಳ್ತಾರೆ, ನಿಂಗೂ ಗೊತ್ತು, ನಂಗೂ ಗೊತ್ತು.”

“ತೋಟ ಒಣಗ್ತಾ ಐತಲ್ಲವ್ವಾ!”

“ನಾನೂ ಈಗ ನಿಂತು ನಿಂತೇ ನಡೆಯೋದು ಕಣಪ್ಪಾ. ಒಂದೇ ಹಗ್ಗ ಹಾಕಿ ನನ್ನೂ ಹೊಡಕೊಂಡು ಹೋಗು. ಎರಡು ಸಲ ಓಡಾಡೋದು ತಪ್ತದೆ.”

ಮಗ ತಲೆ ತಗ್ಗಿಸಿದ. ಆದರೆ ಮನಸ್ಸು ಬದಲಿಸಲಿಲ್ಲ.

ಮಾರನೆಯ ದಿನ, ಸಂತೆಗೆ ಹೊರಡುವ ಮೊದಲು ಆದಷ್ಟು ನೀರು ಎಳೆದುಬಿಡೋಣ ಎಂದು ರೈತ ಎತ್ತು ಹೂಡಿದ. ಅವ್ವ ಸೆರಗಿನಲ್ಲಿ ಬೆಲ್ಲದ ಚೂರು ಕಟ್ಟಿಕೊಂಡು ಬಾವಿಗೆ ಬಂದಳು. ಬೂದ ದಂಡೆಯಲ್ಲಿ ನಿಂತಿದ್ದ. ಬೆಲ್ಲ ತಿನ್ನಿಸಿದಳು. ಕತ್ತು ಸವರಿದಳು. ಹೊರಟ ಎತ್ತಿಗೆ ಏನು ಹೇಳಬೇಕು ಎಂದು ಅವಳಿಗೆ ತಿಳಿಯಲಿಲ್ಲ. ಬಾಯಿಗೆ ಗಂಡನ ಹಾಡು ಬಂತು. ಅದನ್ನೇ ಮೆಲ್ಲಗೆ ಬೂದನ ಕಿವಿಗೆ ಹೇಳಿದಳು.

ಮುಳುಗವ್ವ ಮುಳುಗು, ತಳ ನೋಡಿ ಬಾರೆ,
ತಳದಲ್ಲಿ ಯಾರವ್ವ ನೆಂಟರು?
ಕಪ್ಪೆಯ ಮನೆಯಾಗೆ ಮದುವೆಯ ಊಟ,
ಉಂಡು ಬಾ, ತುಂಬಿ ಬಾ, ಹೊತ್ತೈತೆ ಇನ್ನೂ.

ಮಗ ಕೋಲು ಎತ್ತಿದ್ದ.

“ತಡಿಯೋ, ಹಾಡು ಮುಗೀಲಿ” ಎಂದು ನಡುವೆಯೇ ಕೈ ಅಡ್ಡ ಹಿಡಿದಳು ಅವ್ವ. “ನಿಮ್ಮಪ್ಪ ಯಾವತ್ತೂ ಅರ್ಧಕ್ಕೆ ನಿಲ್ಲಿಸಿದವನಲ್ಲ.”

ಎತ್ತಿದ ಕೋಲು ಮೇಲೆಯೇ ಉಳಿಯಿತು. ಹಾಡು ಮುಗಿಯಿತು. ಯಾರೂ ಹೊಡೆಯಲಿಲ್ಲ, ಯಾರೂ ಹೋ ಎನ್ನಲಿಲ್ಲ. ಬೂದ ತಾನಾಗಿ ಹೆಜ್ಜೆ ಎತ್ತಿಟ್ಟ. ರೈತ ಓಡಿ ಹಗ್ಗದ ಮೇಲೆ ಕೂತ. ಹಗ್ಗ ಬಿಗಿಯಿತು, ನೊಗ ಕಿರುಗುಟ್ಟಿತು, ರಾಟೆ ನರಳಿತು. ಚೀಲ ಎಲ್ಲೋ ಕಲ್ಲಿಗೆ ಸಿಕ್ಕಿಕೊಂಡಿತೇನೋ ಎಂದು ಅವನಿಗೆ ಹೆದರಿಕೆಯಾಯಿತು. ಅಷ್ಟರಲ್ಲಿ ಬೆನ್ನ ಹಿಂದೆ ನೀರು ಧೋ ಎಂದು ಸುರಿಯಿತು. ತೊಟ್ಟಿ ತುಂಬಿ ಹೊರಚೆಲ್ಲಿತು.

“ಅಯ್ಯೋ, ನನ್ನ ಸೀರೆಯೆಲ್ಲ ನೆನೀತಲ್ಲೋ!” ಎಂದು ಅವ್ವ ಕೂಗಿಕೊಂಡಳು.

ರೈತ ಇಳಿಜಾರು ಹತ್ತಿ ಓಡಿಬಂದ. ಎತ್ತುಗಳನ್ನು ದಂಡೆಗೆ ತಂದು, “ಅವ್ವಾ, ಇನ್ನೊಂದು ಸಲ ಹಾಡು” ಎಂದ. ಈ ಸಲ ಅವನು ಎತ್ತನ್ನು ನೋಡಲಿಲ್ಲ. ಬಾವಿಯೊಳಗೆ ಬಗ್ಗಿ ನೋಡಿದ. ಚೀಲ ನೀರಿನ ಮೇಲೆ ಬಿತ್ತು. ಬಿದ್ದದ್ದು ಮುಳುಗಲಿಲ್ಲ, ತೇಲಿತು. ಆಮೇಲೆ ಮೆಲ್ಲಗೆ ಒರಗಿತು, ಬಾಯಿ ತೆರೆಯಿತು, ಕುಡಿಯತೊಡಗಿತು. ‘ತುಂಬಿ ಬಾ’ ಎನ್ನುವಾಗಲೂ ಇನ್ನೂ ಕುಡಿಯುತ್ತಿತ್ತು. ಹಾಡಿನ ಕೊನೆಯ ಮಾತಿಗೆ ಪೂರಾ ಮುಳುಗಿತು.

ಇಷ್ಟು ದಿನ ಅವನು ಎಳೆದದ್ದೆಲ್ಲ ಅರೆಚೀಲ.

ಇದು ಅಪ್ಪನಿಗೆ ಗೊತ್ತಿತ್ತೋ ಇಲ್ಲವೋ. ಅವ್ವನಿಗಂತೂ ಗೊತ್ತಿರಲಿಲ್ಲ. ಬೂದನಿಗೆ ಗೊತ್ತಿದ್ದದ್ದು, ಹಾಡು ಮುಗಿಯಬೇಕು ಎಂಬುದಷ್ಟೇ. ಹಾಡುವವನು ಸತ್ತ ಮೇಲೂ ಅವನು ಪ್ರತಿ ಸಲ ಅದಕ್ಕಾಗಿಯೇ ನಿಂತಿದ್ದ. ಅದಕ್ಕಾಗಿಯೇ ಏಟು ತಿಂದಿದ್ದ.

ರೈತ ಬೂದನ ಬೆನ್ನ ಮೇಲೆ ಕೈಯಿಟ್ಟ. ಬಾಸುಂಡೆಗಳು ಅಂಗೈಗೆ ಸಿಕ್ಕವು. ಕೈ ತೆಗೆಯದೆ ಹಾಗೇ ನಿಂತು ತಾನೇ ಹಾಡಲು ಶುರುಮಾಡಿದ. ಅವನ ಗಂಟಲು ಅಪ್ಪನದಕ್ಕಿಂತ ಕೆಟ್ಟದಾಗಿತ್ತು. ಮೂರನೆಯ ಸಾಲು ಮರೆತುಹೋಯಿತು. ಬೂದ ಕಾದ. “ಕಪ್ಪೆಯ ಮನೆಯಾಗೆ…” ಎಂದು ಅವ್ವ ಹಿಂದಿನಿಂದ ಎತ್ತಿಕೊಟ್ಟಳು. ಹಾಡು ಮುಗಿಯಿತು. ಬೂದ ಹೊರಟ.

ಆ ದಿನ ಬಾವಿಯಿಂದ ಮೇಲೆ ಬಂದ ಚೀಲಗಳು ಕಡಿಮೆ. ಆದರೆ ಬಿಸಿಲು ಇನ್ನೂ ಇರುವಾಗಲೇ ಕೊನೆಯ ಮಡಿಯ ಬದನೆಯ ಬುಡ ನೆನೆಯಿತು. ರೈತ ಬೆಳಕಿರುವಾಗಲೇ ಮನೆಗೆ ಬಂದ. ಮುದ್ದೆ ಮುರಿಯುತ್ತಾ ಗುನುಗಿದ.

“ಉಣ್ಣೋವಾಗ ಹಾಡಬ್ಯಾಡ, ಸಾರು ನೆತ್ತಿಗೆ ಹತ್ತುತ್ತೆ” ಎಂದು ಗದರಿದಳು ಅವ್ವ. ಗದರಿ, ಮುಖ ಆಚೆ ತಿರುಗಿಸಿ ಕಣ್ಣು ಒರೆಸಿಕೊಂಡಳು.

ಕತೆ ಮುಗಿಯಿತು. ಮರುಳಯ್ಯ ಕೇಳಿದ:

“ಬೂದ ಸಂತೆಗೆ ಹೋಗಲಿಲ್ಲ ತಾನೇ, ಅಜ್ಜಯ್ಯಾ?”

“ಇಲ್ಲ ಮಗು. ಆ ಕೊಟ್ಟಿಗೆಯಲ್ಲೇ ಮುಪ್ಪು ಕಳೆದ.”

ಅಜ್ಜಯ್ಯ ಬಗ್ಗಿ, ಕಾಲ ಬಳಿಯಿದ್ದ ಸೌಟನ್ನು ಎತ್ತಿ ಅವನ ಕೈಯಲ್ಲಿ ಇಟ್ಟರು.

“ಮರುಳಯ್ಯಾ, ಹೊತ್ತು ದಂಡ ಅಂತ ನೀನು ಏನನ್ನೋ ಬಿಟ್ಟೆ ಅಂದೆಯಲ್ಲ, ಅದೇನು, ಇನ್ನೊಂದು ಸಲ ಹೇಳು.”

“ಯಾವ ಊರು, ಮಗುವಿನ ಜ್ವರ ಇಳಿಯಿತೇ, ಎಮ್ಮೆ ಕರು ಹಾಕಿತೇ…” ಎಂದ ಮರುಳಯ್ಯ. ಸೌಟು ಹಿಡಿದು ಎದ್ದು ಊಟದ ಮನೆಯ ಕಡೆಗೆ ನಡೆದ.