ಅಧ್ಯಕ್ಷರ ಪಾಠಕ್ಕೆ ಒಂದೇ ಸೀಟು

ನಮ್ಮೂರಿನ ಖಾಸಗಿ ಶಾಲೆಯಲ್ಲಿ ಆ ವರ್ಷ ಏಳನೇ ತರಗತಿಯ ಮಕ್ಕಳು ತಮಗಿಷ್ಟವಾದ ಒಂದು ಐಚ್ಛಿಕ ವಿಷಯ ಆರಿಸಿಕೊಳ್ಳಬೇಕಿತ್ತು. ಅಡುಗೆ, ತೋಟಗಾರಿಕೆ, ತಬಲಾ ಇದ್ದವು. ಜೊತೆಗೆ ಶಾಲೆಯ ಅಧ್ಯಕ್ಷ ಚಿಕ್ಕೀರೇಗೌಡರು ತಾವೇ ಸೇರಿಸಿದ 'ಅಧ್ಯಕ್ಷರ ಜೀವನ ಚರಿತ್ರೆ'. ಪುಸ್ತಕವನ್ನೂ ಅವರೇ ಬರೆದಿದ್ದರು. ಅದನ್ನು ಒಬ್ಬರೂ ಆರಿಸಲಿಲ್ಲ.

ಗೌಡರು ಗುಮಾಸ್ತೆ ಪುಟ್ಟಲಕ್ಷ್ಮಮ್ಮನನ್ನು ಕರೆಸಿದರು. "ನಾಳೆಯೊಳಗೆ ಸೀಟೆಲ್ಲ ತುಂಬಿರಬೇಕು. ಇಲ್ಲದಿದ್ರೆ ನೀವು ಕೆಲಸಕ್ಕೆ ಬರೋದೇ ಬೇಡ."

ಮರುದಿನ ಪುಟ್ಟಲಕ್ಷ್ಮಮ್ಮ ಹೇಳಿದರು, "ಸೀಟು ಭರ್ತಿಯಾಯ್ತು ಸಾರ್. ಒಂದೇ ಸೀಟು ಇಟ್ಟಿದ್ದೆ. ಈ ಗೌರವ ಮನೆಯವರಿಗೇ ಸಲ್ಲಲಿ ಅಂತ ಏಳನೇ ತರಗತಿಯಲ್ಲೇ ಇರೋ ನಿಮ್ಮ ಮೊಮ್ಮಗಳು ಸಿಂಚನಾಗೆ ಕೊಟ್ಟೆ."

ಗೌಡರು ಬೀಗಿದರು.

ಅಂದು ಸಂಜೆಯೇ ಸಿಂಚನಾ ಪುಸ್ತಕ ಹಿಡಿದು ಎದುರು ಕೂತಳು. "ತಾತ, ನೀವು ಜಿಲ್ಲೆಗೇ ಮೊದಲು ಬಂದ್ರಿ ಅಂತಿದೆ. ಮೇಷ್ಟ್ರು ಅಂಕಪಟ್ಟಿ ತರೋಕೆ ಹೇಳಿದಾರೆ."

ಮಾರನೇ ಸಂಜೆ, "ತುಂಬಿದ ಹೊಳೆ ಈಜಿದ್ರಿ ಅಂತಿದೆ. ಅಜ್ಜಿ ನೋಡಿದ್ರೆ ನಿಮಗೆ ಈಜೇ ಬರಲ್ಲ ಅಂತಾರೆ. ಯಾವುದು ಬರೀಲಿ?"

ನಾಲ್ಕನೇ ದಿನ ಗೌಡರೇ ಕಚೇರಿಗೆ ಬಂದು ದನಿ ತಗ್ಗಿಸಿದರು. "ಮಗೂನ ಅಡುಗೆಗೆ ಹಾಕಿ. ಆ ವಿಷಯ ತೆಗೆದುಬಿಡಿ."

"ಬೇಡಿಕೆ ಇಲ್ಲ ಅಂತ ಬರೀಲಾ ಸಾರ್?"

"ಬೇಡಿಕೆ ಜಾಸ್ತಿಯಾಗಿ ನಿಭಾಯಿಸೋಕೆ ಆಗಲಿಲ್ಲ ಅಂತ ಬರೀರಿ."

ಪುಟ್ಟಲಕ್ಷ್ಮಮ್ಮ ಹಾಗೇ ಬರೆದರು.